ಕಾರಿನ ಹೊಳಪು, ಎಲೆಯ ಮೇಣ: ಬಿಸಿಲು-ಮಳೆಗೆ ಅಡ್ಡ ನಿಂತ ಒಂದು ತಾಳೆ ಮರದ ಕಥೆ

ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನುವವರಿಗಾಗಿ ಇದು ಸಂಚಿಕೆಯ ಪೂರ್ತಿ ಬರಹ ರೂಪ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಮನೆಯಲ್ಲಿ ಬಣ್ಣಬಣ್ಣದ ಸಕ್ಕರೆ ಲೇಪದ ಮಿಠಾಯಿಯೋ ಜೆಲ್ಲಿಯೋ ಇದ್ದರೆ ಪೊಟ್ಟಣ ತಿರುಗಿಸಿ ಹಿಂಭಾಗದ ಸಣ್ಣ ಅಕ್ಷರ ಓದಿ. ಹಲವು ಪೊಟ್ಟಣಗಳಲ್ಲಿ ‘ಗ್ಲೇಜಿಂಗ್ ಏಜೆಂಟ್ 903’ ಅಂತ ಇರುತ್ತೆ. ಮಿಠಾಯಿ ಕೈಗೆ ಅಂಟದ ಹಾಗೆ, ಮಿರಿಮಿರಿ ಮಿಂಚುವ ಹಾಗೆ ಮಾಡುವ ಪದಾರ್ಥ ಅದು. ಇನ್ನು ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿ ದುಬಾರಿ ವ್ಯಾಕ್ಸ್ ಡಬ್ಬಿ ಒಂದನ್ನ ಕೈಗೆತ್ತಿಕೊಳ್ಳಿ. ಅದರ ಮೇಲೆ ದೊಡ್ಡದಾಗಿ ‘ಕಾರ್ನೌಬಾ’ ಅಂತ ಬರೆದಿರುತ್ತೆ.

ಎರಡೂ ಒಂದೇ ವಸ್ತು! ನಿಮ್ಮ ಬಾಯಲ್ಲಿ ಕರಗೋದೂ ಅದೇ, ಕಾರಿನ ಬಾನೆಟ್ ಮೇಲೆ ಹೊಳೆಯೋದೂ ಅದೇ. ಎರಡೂ ಬರೋದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯಿಂದ.

ಇವತ್ತಿನ ಕಥೆ ಆ ಎಲೆಯದ್ದು. ಕಾರಿನ ಬಣ್ಣವನ್ನ ಬಿಸಿಲು-ಮಳೆಯಿಂದ ಕಾಪಾಡೋಕೆ ಮನುಷ್ಯ ಏನೇನು ಮಾಡಿದ, ಅದು ಎಷ್ಟು ನಿಜಕ್ಕೂ ಬೇಕಿತ್ತು, ಎಷ್ಟು ಬರೀ ಮಾರಾಟದ ಮಾತು, ಆ ಹೊಳಪಿಗೆ ಬೆವರು ಸುರಿಸಿದವರು ಯಾರು? ಒಂದೊಂದಾಗಿ ನೋಡೋಣ.

ಎಲೆಗೆ ಮೇಣ ಯಾಕೆ?

ಕೆಸುವಿನ ಎಲೆ ಮೇಲೆ ನೀರು ಹಾಕಿದರೆ ಏನಾಗುತ್ತೆ? ನೀರು ಗುಂಡಗೆ ಮುತ್ತಾಗಿ ಉರುಳಿ ಕೆಳಗೆ ಬೀಳುತ್ತೆ, ಎಲೆ ಒದ್ದೆಯಾಗೋದೇ ಇಲ್ಲ. ಯಾವುದಕ್ಕೂ ಅಂಟಿಕೊಳ್ಳದೆ ಬದುಕುವವರನ್ನ ‘ತಾವರೆ ಎಲೆ ಮೇಲಿನ ನೀರಿನ ಹನಿ’ಗೆ ಹೋಲಿಸೋದು ನಮ್ಮಲ್ಲಿ ಹಳೇ ಮಾತು. ಇದರ ಹಿಂದಿರೋದು ಮೇಣ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಹರಳುಗಳಿವೆ. ನೀರು ಆ ತುದಿಗಳ ಮೇಲಷ್ಟೇ ನಿಲ್ಲುತ್ತೆ, ಉರುಳುವಾಗ ಧೂಳನ್ನೂ ಜೊತೆಗೆ ಒಯ್ಯುತ್ತೆ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್ಲಾಟ್ ಇದನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದ ಮೇಲೆ ಇದಕ್ಕೆ ‘ಲೋಟಸ್ ಎಫೆಕ್ಟ್’ ಅನ್ನೋ ಹೆಸರೇ ನಿಂತಿತು.

ಕೆಸು, ತಾವರೆಗಳ ಮೇಣ ನೀರನ್ನ ಹೊರಗಿಡುತ್ತೆ. ಬ್ರೆಜಿಲ್‌ನ ಕಾರ್ನೌಬಾ ಮರದ್ದು ಉಲ್ಟಾ ಸಮಸ್ಯೆ. ಅದು ನೀರನ್ನ ಒಳಗೆ ಹಿಡಿದಿಟ್ಟುಕೊಳ್ಳಬೇಕು. ಈ ಮರ ಬೆಳೆಯೋದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ, ಸಿಯಾರಾ, ಪಿಯಾವಿ, ರಿಯೊ ಗ್ರಾಂಡೆ ದೊ ನಾರ್ಟೆ ರಾಜ್ಯಗಳಲ್ಲಿ. ವರ್ಷದ ಕೆಲವು ತಿಂಗಳು ಮಾತ್ರ ಮಳೆ, ಉಳಿದದ್ದೆಲ್ಲ ಸುಡು ಬಿಸಿಲು. ಎಲೆಯಲ್ಲಿರುವ ನೀರು ಆವಿಯಾಗಿ ಹೋದರೆ ಮರ ಉಳಿಯಲ್ಲ. ಅದಕ್ಕೆ ಬೀಸಣಿಗೆಯಂಥ ತನ್ನ ಎಲೆಗಳ ಮೇಲೆ ಅದು ಮೇಣದ ಹೊದಿಕೆ ಹೊದ್ದುಕೊಳ್ಳುತ್ತೆ.

ಆ ಹೊದಿಕೆಯ ವಿಶೇಷ ಅಂದ್ರೆ ಗಟ್ಟಿತನ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿಗೆ ಕರಗುತ್ತೆ. ಕಾರ್ನೌಬಾ ಕರಗಬೇಕಾದ್ರೆ 82ರಿಂದ 86 ಡಿಗ್ರಿ ಬೇಕು. ಪ್ರಕೃತಿಯಲ್ಲಿ ಸಿಗುವ ಮೇಣಗಳಲ್ಲಿ ಇದು ಅತ್ಯಂತ ಗಟ್ಟಿಯಾದವುಗಳ ಸಾಲಿಗೆ ಸೇರುತ್ತೆ. ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ ಮುಟ್ಟಿ ನೋಡಿದವರಿಗೆ ಈ ಸಂಖ್ಯೆ ಯಾಕೆ ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ.

ಅಂದ್ರೆ ಕಾರಿಗೆ ವ್ಯಾಕ್ಸ್ ಹಚ್ಚೋದು ಅಂದ್ರೆ ಒಂದು ಎಲೆಯ ಛತ್ರಿಯನ್ನ ಎರವಲು ತಂದು ಕಬ್ಬಿಣದ ಮೇಲೆ ಹಿಡಿದ ಹಾಗೆ.

ಬಣ್ಣ ಒಣಗೋಕೇ ವಾರಗಟ್ಟಲೆ

ಈ ಛತ್ರಿ ಕಾರಿಗೆ ಯಾಕೆ ಬೇಕಾಯ್ತು ಅಂತ ತಿಳಿಯೋಕೆ ಕಾರಿನ ಬಣ್ಣದ ಇತಿಹಾಸ ಸ್ವಲ್ಪ ನೋಡಬೇಕು.

ಮೊದಮೊದಲ ಕಾರುಗಳಿಗೆ ಬಣ್ಣ ಹಚ್ಚುತ್ತಿದ್ದವರು ಕುದುರೆಗಾಡಿಗೆ ಬಣ್ಣ ಹಚ್ಚುತ್ತಿದ್ದ ಕೆಲಸಗಾರರೇ. ವಿಧಾನವೂ ಅದೇ. ಅಗಸೆ ಎಣ್ಣೆಯ ವಾರ್ನಿಷ್, ಕೈಯಲ್ಲಿ ಬ್ರಷ್. ಒಂದು ಕೋಟ್ ಹಚ್ಚಬೇಕು, ಒಣಗಲು ಬಿಡಬೇಕು, ಉಜ್ಜಿ ನಯ ಮಾಡಬೇಕು, ಮೇಲೆ ಇನ್ನೊಂದು ಕೋಟ್. ಹೀಗೆ ಒಂದು ಕಾರಿನ ಬಣ್ಣ ಮುಗಿಯೋಕೆ ವಾರಗಟ್ಟಲೆ ಹಿಡೀತಿತ್ತು. ಇಷ್ಟೆಲ್ಲಾ ಮಾಡಿ ರಸ್ತೆಗೆ ಇಳಿಸಿದರೆ, ಬಿಸಿಲಿಗೆ ಆ ವಾರ್ನಿಷ್ ಹಳದಿಯಾಗ್ತಿತ್ತು, ಬಿರುಕು ಬಿಡ್ತಿತ್ತು. ಕುದುರೆಗಾಡಿಯಾದರೆ ಕೆಲಸ ಮುಗಿದ ಮೇಲೆ ಕೊಟ್ಟಿಗೆ ಸೇರುತ್ತಿತ್ತು. ಕಾರು ದಿನವಿಡೀ ಬೀದಿಯಲ್ಲಿ ನಿಲ್ಲತೊಡಗಿತು.

ಆಮೇಲೆ ಬಂತು ಫೋರ್ಡ್ ಕಂಪನಿಯ ಮಾಡೆಲ್ ಟಿ. 1908ರಲ್ಲಿ ಶುರುವಾದಾಗ ಅದು ಬೇರೆ ಬೇರೆ ಬಣ್ಣಗಳಲ್ಲಿ ಸಿಗುತ್ತಿತ್ತು. 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಬಂದ ಮೇಲೆ ಚಾಸಿ ಜೋಡಣೆಯ ಸಮಯ ಹನ್ನೆರಡು ಗಂಟೆಯಿಂದ ಒಂದೂವರೆ ಗಂಟೆಗೆ ಇಳಿಯಿತು. ಒಂದೂವರೆ ಗಂಟೆಯಲ್ಲಿ ಜೋಡಿಸಿದ ಕಾರಿಗೆ ವಾರಗಟ್ಟಲೆ ಬಣ್ಣ ಹಚ್ಚುತ್ತಾ ಕೂರೋಕೆ ಆಗುತ್ತಾ? 1914ರಿಂದ 1925ರವರೆಗೆ ಮಾಡೆಲ್ ಟಿ ಬಂದದ್ದು ಕಪ್ಪು ಬಣ್ಣದಲ್ಲಿ ಮಾತ್ರ. ಆಸ್ಫಾಲ್ಟ್ ಬೆರೆಸಿ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಿದ್ದ ಆ ಕಪ್ಪು ಎನಾಮಲ್ ಅಗ್ಗ, ಬಾಳಿಕೆಯೂ ಬರ್ತಿತ್ತು.

ಬಣ್ಣಗಳು ವಾಪಸ್ ಬಂದದ್ದು ಒಂದು ವಿಚಿತ್ರ ದಾರಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಗುಂಡಿನ ಮದ್ದು ತಯಾರಿಸಿ ದೊಡ್ಡದಾಗಿ ಬೆಳೆದಿತ್ತು. ಹತ್ತಿಯ ನಾರನ್ನ ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದರೆ ಸಿಗುವ ನೈಟ್ರೊಸೆಲ್ಯುಲೋಸ್ ಆ ಮದ್ದಿನ ಮೂಲ. ಯುದ್ಧ ಮುಗಿದ ಮೇಲೆ ಅದೇ ರಾಸಾಯನಿಕದಿಂದ ಬೇಗ ಒಣಗುವ ಲ್ಯಾಕರ್ ತಯಾರಾಯ್ತು, ಹೆಸರು ‘ಡ್ಯೂಕೊ’. ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರುಗಳು 1924ರ ಮಾಡೆಲ್‌ಗೆ ಡ್ಯೂಕೊದ ನೀಲಿ ಬಣ್ಣ ಹಚ್ಚಿಕೊಂಡು ಬಂದವು. ಬ್ರಷ್ ಹೋಗಿ ಸ್ಪ್ರೇ ಗನ್ ಬಂತು, ವಾರಗಳು ಹೋಗಿ ಗಂಟೆಗಳ ಲೆಕ್ಕ ಬಂತು. ಸಿಡಿಮದ್ದಿನ ಸಂಬಂಧಿಕ ಕಾರಿಗೆ ಬಣ್ಣ ತಂದುಕೊಟ್ಟ ಕಥೆ ಇದು.

ಆದರೆ ಈ ಲ್ಯಾಕರ್‌ಗೆ ಒಂದು ದೌರ್ಬಲ್ಯ ಇತ್ತು. ಅದು ಸ್ಪ್ರೇ ಮಾಡಿದ ತಕ್ಷಣ ಹೊಳೆಯೋದಿಲ್ಲ, ಉಜ್ಜಿ ಉಜ್ಜಿ ಹೊಳಪು ತರಿಸಬೇಕು. ಕೆಲವು ತಿಂಗಳು ಬಿಸಿಲು-ಮಳೆಗೆ ನಿಂತರೆ ಮೇಲ್ಮೈ ಸುಣ್ಣದ ಪುಡಿಯ ಹಾಗೆ ಸತ್ತು ಮಂಕಾಗುತ್ತೆ. ಬಟ್ಟೆಯಿಂದ ಒರೆಸಿದರೆ ಬಟ್ಟೆಗೆ ಬಣ್ಣವೇ ಬರುತ್ತೆ. ಹಾಗಾಗಿ ಸತ್ತ ಪದರ ತೆಗೆದು ಮೇಲೆ ಮೇಣ ಹಚ್ಚೋದು ಆ ಕಾಲದ ಕಾರಿನ ಮಾಲೀಕರಿಗೆ ಶೋಕಿ ಆಗಿರಲಿಲ್ಲ, ಅಗತ್ಯ ಆಗಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೇರೆಯವರ ಕಾರಿನ ಒಂದು ಮಡ್‌ಗಾರ್ಡ್

ಅಗತ್ಯ ಇದ್ದ ಕಡೆ ಅಂಗಡಿ ಹುಟ್ಟುತ್ತೆ. 1910ರ ಸುಮಾರಿಗೆ ಶಿಕಾಗೋ ನಗರದಲ್ಲಿ ‘ಸೈಮೊನೈಜ್’ ಅನ್ನೋ ಕಾರಿನ ಮೇಣ ಶುರುವಾಯ್ತು. ಸತ್ತ ಬಣ್ಣ ತೆಗೆಯೋಕೆ ಒಂದು ಡಬ್ಬಿ, ಮೇಲೆ ಹಚ್ಚೋಕೆ ಇನ್ನೊಂದು. ಅದು ಎಷ್ಟು ಜನಪ್ರಿಯ ಆಯ್ತು ಅಂದ್ರೆ, ನಾವು ಫೋಟೊಕಾಪಿಗೆ ಜೆರಾಕ್ಸ್ ಅಂತೀವಲ್ಲ, ಹಾಗೆ ಅಮೆರಿಕದಲ್ಲಿ ಕಾರಿಗೆ ಮೇಣ ಹಚ್ಚೋದಕ್ಕೇ ‘ಸೈಮೊನೈಜ್ ಮಾಡೋದು’ ಅನ್ನೋಕೆ ಶುರು ಮಾಡಿದ್ರು. ಆದರೆ ಆ ಮೇಣ ಗಟ್ಟಿ. ಹಚ್ಚಿ ಒರೆಸುವಷ್ಟರಲ್ಲಿ ರಟ್ಟೆ ಸೋತು ಹೋಗೋದು.

ಅದೇ ಶಿಕಾಗೋದಲ್ಲಿ 1941ರಲ್ಲಿ ಬೆಂಜಮಿನ್ ಹಿರ್ಶ್ ಅನ್ನುವವರು ಸುಲಭವಾಗಿ ಹಚ್ಚಬಹುದಾದ ದ್ರವರೂಪದ ಪಾಲಿಶ್ ತಯಾರಿಸಿದ್ರು. ಬಂಡವಾಳ 500 ಡಾಲರ್. ಕಾರ್ಖಾನೆ ಮನೆಯ ಸ್ನಾನದ ತೊಟ್ಟಿ. ಅದರಲ್ಲಿ ಕಲಸೋದು, ಹೆಂಡತಿ ಮೇರಿ ಜೊತೆ ಸೇರಿ ಬಾಟಲಿಗೆ ತುಂಬೋದು. ಮಾರಾಟದ ಉಪಾಯ ಇನ್ನೂ ಮಜವಾಗಿದೆ. ನಿಲ್ಲಿಸಿದ ಕಾರುಗಳ ಹತ್ತಿರ ಹೋಗಿ, ಯಾರದ್ದೋ ಕಾರಿನ ಒಂದೇ ಒಂದು ಮಡ್‌ಗಾರ್ಡಿಗೆ ಪಾಲಿಶ್ ಹಚ್ಚಿ ಮಿಂಚಿಸಿ, ಮಾಲೀಕ ಬರೋವರೆಗೂ ಅಲ್ಲೇ ಕಾಯ್ತಿದ್ರಂತೆ. ಬಂದವನಿಗೆ ಒಂದು ಮೂಲೆ ಫಳಫಳ, ಉಳಿದ ಕಾರು ಮಂಕು. ಬಾಟಲಿ ಕೊಳ್ಳದೆ ಇನ್ನೇನು ಮಾಡ್ತಾನೆ?

ಆ ಪಾಲಿಶ್‌ನ ಮೊದಲ ಹೆಸರು ‘ಪ್ಲಾಸ್ಟೋನ್’. ವಿಸ್ಕಾನ್ಸಿನ್ ರಾಜ್ಯದಲ್ಲಿ ‘ಟರ್ಟಲ್ ಕ್ರೀಕ್’, ಅಂದ್ರೆ ಆಮೆ ಹೊಳೆ, ಅನ್ನೋ ಜಾಗದಲ್ಲಿ ನಿಂತಾಗ ಹಿರ್ಶ್‌ಗೆ ಆಮೆಯ ಚಿಪ್ಪು ಹೊಳೆಯಿತು. ಗಟ್ಟಿ ಹೊದಿಕೆ, ನೀರಿಗೂ ಬಿಸಿಲಿಗೂ ಜಗ್ಗಲ್ಲ. ಹಾಗೆ ‘ಟರ್ಟಲ್ ವ್ಯಾಕ್ಸ್’ ಹುಟ್ಟಿತು. ಇವತ್ತು ನಮ್ಮೂರಿನ ಅಂಗಡಿಗಳಲ್ಲೂ ಆ ಹಸಿರು ಡಬ್ಬಿ ಕಾಣುತ್ತೆ.

ಮೇಣ ಹುಡುಕಿ ಹಾರಿದ ವಿಮಾನ

ಮೇಣದ ಬೇಡಿಕೆ ಕಾರಿಗೆ ಮಾತ್ರ ಸೀಮಿತ ಆಗಿರಲಿಲ್ಲ. ಅಮೆರಿಕದ ರೇಸಿನ್ ಪಟ್ಟಣದ ಸ್ಯಾಮ್ಯುಯೆಲ್ ಕರ್ಟಿಸ್ ಜಾನ್ಸನ್ 1886ರಲ್ಲಿ ಮರದ ನೆಲಹಾಸು ಮಾರುವ ವ್ಯಾಪಾರ ಹಿಡಿದಿದ್ರು. ಕೊಂಡವರೆಲ್ಲ ಇದನ್ನ ಕಾಪಾಡೋದು ಹೇಗೆ ಅಂತ ಕೇಳೋಕೆ ಶುರು ಮಾಡಿದ್ರು. ಜಾನ್ಸನ್ ಮೇಣ ಮಾಡಿ ಕೊಟ್ರು. 1898ರ ಹೊತ್ತಿಗೆ ನೆಲಕ್ಕಿಂತ ನೆಲದ ಮೇಣವೇ ಜಾಸ್ತಿ ಮಾರಾಟ ಆಗ್ತಿತ್ತು!

ಅವರ ಮೊಮ್ಮಗ ಹರ್ಬರ್ಟ್ ಜಾನ್ಸನ್ ಕಾಲಕ್ಕೆ ಕಂಪನಿ ಕಾರ್ನೌಬಾ ಮೇಲೆ ಪೂರ್ತಿ ನಿಂತಿತ್ತು. ಈ ಮೇಣ ವಾಣಿಜ್ಯವಾಗಿ ಸಿಗೋದು ಬ್ರೆಜಿಲ್‌ನಲ್ಲಿ ಮಾತ್ರ. ನಾಳೆ ಮರಗಳೇ ಸಾಕಾಗದಿದ್ದರೆ? 1935ರಲ್ಲಿ ಅವರು ನೆಲದ ಮೇಲೂ ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನ ಒಂದನ್ನ ಕೊಂಡು, ಅದಕ್ಕೆ ‘ಕಾರ್ನೌಬಾ’ ಅಂತಲೇ ಹೆಸರಿಟ್ಟು, ರೇಸಿನ್‌ನಿಂದ ಬ್ರೆಜಿಲ್‌ನ ಫೋರ್ಟಲೇಜಾವರೆಗೆ ಹಾರಿ ಹೋದರು. ಒಂದು ಎಲೆಯ ಭವಿಷ್ಯ ನೋಡೋಕೆ ಒಬ್ಬ ಉದ್ಯಮಿ ಖಂಡ ದಾಟಿ ಹೋದ ಪ್ರಯಾಣ ಅದು.

ಬಣ್ಣವೇ ತನ್ನ ಛತ್ರಿ ತಂದಾಗ

ಈಗ ಆಗಲೇ ನೆನಪಿಟ್ಟುಕೊಳ್ಳಿ ಅಂದ ಮಾತಿಗೆ ಬರೋಣ. ಮೇಣ ಅಗತ್ಯ ಆಗಿದ್ದು ಹಳೇ ಲ್ಯಾಕರ್‌ಗೆ. ಬಣ್ಣ ಅಲ್ಲಿಗೇ ನಿಲ್ಲಲಿಲ್ಲ. 1950ರ ದಶಕದ ಕೊನೆಗೆ ಅಕ್ರಿಲಿಕ್ ಲ್ಯಾಕರ್ ಬಂತು, 60ರ ದಶಕದಲ್ಲಿ ಅಕ್ರಿಲಿಕ್ ಎನಾಮಲ್. 1980ರ ದಶಕದಲ್ಲಿ ‘ಕ್ಲಿಯರ್ ಕೋಟ್’ ಎಲ್ಲೆಡೆ ಹರಡಿತು. ಬಣ್ಣದ ತೆಳು ಪದರದ ಮೇಲೆ ಗಾಜಿನಂಥ ಪಾರದರ್ಶಕ ಪದರ. ಇವತ್ತು ನಿಮ್ಮ ಮನೆ ಮುಂದೆ ನಿಂತಿರುವ ಕಾರಿನ ಹೊಳಪು ಹೆಚ್ಚುಕಮ್ಮಿ ಆ ಪದರದ್ದೇ.

ಈ ಹೊಸ ಬಣ್ಣಗಳೂ ಪೆಟ್ಟು ತಿಂದೇ ಕಲಿತಿವೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಬಹಳಷ್ಟು ಕಾರುಗಳ ಬಣ್ಣ ಹಪ್ಪಳೆ ಹಪ್ಪಳೆಯಾಗಿ ಎದ್ದು ಬಂತು. ಸೂರ್ಯನ ಅತಿನೇರಳೆ ಕಿರಣ ಮೇಲಿನ ಪದರಗಳನ್ನ ದಾಟಿ, ಕೆಳಗಿನ ಪ್ರೈಮರ್‌ನ ಹಿಡಿತವನ್ನೇ ಸಡಿಲ ಮಾಡಿತ್ತು. ಎಷ್ಟು ಮೇಣ ಹಚ್ಚಿದ್ದರೂ ಅದು ನಿಲ್ಲುತ್ತಿರಲಿಲ್ಲ. ಇನ್ನೊಂದು ಕಡೆ, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಆಮ್ಲ ಮಳೆಯ ಹನಿಗಳು ಕ್ಲಿಯರ್ ಕೋಟ್ ಮೇಲೆ ಗುಳಿ ಬೀಳಿಸ್ತಿದ್ವು. ಪೇಂಟ್ ಕಂಪನಿಗಳು ತಮ್ಮ ಮಾದರಿ ಹಲಗೆಗಳನ್ನ ಅದೇ ಊರಿಗೆ ತಂದು ಬಿಸಿಲು-ಮಳೆಗೆ ಇಟ್ಟು ಪರೀಕ್ಷೆ ಮಾಡೋಕೆ ಶುರು ಮಾಡಿದವು. ಇಂಥ ಪಾಠಗಳಿಂದಲೇ ಇವತ್ತಿನ ಕ್ಲಿಯರ್ ಕೋಟ್ ಒಳಗೇ ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಸೇರಿರೋದು. ಮರದ ಎಲೆಯ ಹಾಗೆ, ಬಣ್ಣವೂ ತನ್ನ ಛತ್ರಿಯನ್ನ ತಾನೇ ಹಿಡಿಯೋದು ಕಲಿತಿದೆ.

ಹಾಗಾದ್ರೆ ಈಗ ಮೇಣದ ಕೆಲಸ ಏನು? ಲೆಕ್ಕ ನೋಡಿ. ಕಾರಿನ ಎಲ್ಲ ಪದರ ಸೇರಿಸಿದರೂ ಬಣ್ಣದ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40ರಿಂದ 50, ಅಂದ್ರೆ ತಲೆಕೂದಲಿಗಿಂತ ತೆಳು. ಒರೆಸಿದ ಮೇಲೆ ಉಳಿಯುವ ಮೇಣ ಅದಕ್ಕಿಂತಲೂ ಎಷ್ಟೋ ಪಾಲು ತೆಳು. ಅದು ಗುರಾಣಿ ಅಲ್ಲ, ಬಲಿಗೆ ಬಿಟ್ಟ ಪದರ. ಹಕ್ಕಿ ಹಿಕ್ಕೆ ಬಿದ್ದರೆ, ಹೊಂಗೆ ಮರದ ಅಂಟು ಸುರಿದರೆ, ಮೊದಲ ಏಟು ಮೇಣಕ್ಕೆ. ನಿಮಗೆ ತೊಳೆಯೋಕೆ ಒಂದಿಷ್ಟು ಸಮಯ ಸಿಗುತ್ತೆ, ಅಷ್ಟೇ. ಕೆಲವು ವಾರ, ಹೆಚ್ಚೆಂದರೆ ಎರಡು-ಮೂರು ತಿಂಗಳಲ್ಲಿ ಬಿಸಿಲು, ಮಳೆ, ಶಾಂಪೂ ಸೇರಿ ಅದನ್ನ ತೆಗೆದು ಹಾಕುತ್ತೆ.

ಇನ್ನೊಂದು ತಪ್ಪು ತಿಳಿವಳಿಕೆ. ನೀರು ಮುತ್ತಿನ ಹಾಗೆ ಗುಂಡಗೆ ನಿಂತರೆ ಬಣ್ಣ ಭದ್ರ ಅಂತ ನಾವು ಅಂದುಕೊಳ್ತೀವಿ. ಬೋರ್‌ವೆಲ್‌ನ ಗಡಸು ನೀರಲ್ಲಿ ಕಾರು ತೊಳೆದು ಹಾಗೇ ಬಿಟ್ಟರೆ, ಆ ಮುತ್ತುಗಳು ಒಣಗಿದ ಜಾಗದಲ್ಲೇ ಸುಣ್ಣದ ಬಿಳಿ ಉಂಗುರ ಕೂರುತ್ತೆ. ಮೇಣ ಹಚ್ಚಿದ ಕಾರನ್ನೂ ಒರೆಸಲೇಬೇಕು. ಅದೂ ಒಣ ಧೂಳಿನ ಮೇಲೆ ಒಣ ಬಟ್ಟೆ ಎಳೆದರೆ, ಧೂಳೇ ಮರಳು ಕಾಗದ ಆಗುತ್ತೆ. ಬಿಸಿಲಲ್ಲಿ ನೋಡಿದಾಗ ಜೇಡರ ಬಲೆಯ ಹಾಗೆ ಕಾಣೋ ಗೆರೆಗಳು ಬಹುಪಾಲು ಹವಾಮಾನದ್ದಲ್ಲ, ನಮ್ಮ ಬಟ್ಟೆಯದ್ದೇ.

ಶೋರೂಮ್‌ನಲ್ಲಿ ಕೇಳಿಬರುವ ‘ಟೆಫ್ಲಾನ್ ಕೋಟಿಂಗ್’ ಬಗ್ಗೆಯೂ ಒಂದು ಮಾತು. ಟೆಫ್ಲಾನ್ ಪದಾರ್ಥ ಕರಗೋದು 327 ಡಿಗ್ರಿಗೆ. ದೋಸೆ ಕಾವಲಿಗೆ ಅದನ್ನ ಕೂರಿಸೋದು ಆ ಮಟ್ಟದ ಬಿಸಿಯಲ್ಲಿ. ನಿಮ್ಮ ಕಾರನ್ನ ಯಾರೂ 327 ಡಿಗ್ರಿಗೆ ಕಾಯಿಸಲ್ಲ ಅಲ್ವಾ? ಕಾವಲಿಯ ಗಟ್ಟಿತನ ಕಾರಿನ ಮೇಲೆ ಸಿಗುತ್ತೆ ಅಂತ ನಂಬೋ ಮೊದಲು ಈ ಸಂಖ್ಯೆ ನೆನಪಿರಲಿ. ಈಗಿನ ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರಿತ, ಮೇಣಕ್ಕಿಂತ ಹೆಚ್ಚು ಕಾಲ ಬಾಳುತ್ತೆ ಅನ್ನೋದು ನಿಜ. ಆದರೆ ಅದೂ ಮೈಕ್ರಾನ್ ಲೆಕ್ಕದ ಪದರವೇ. ಕಲ್ಲೇಟು ತಡೆಯಲ್ಲ, ತೊಳೆಯುವ ಕೆಲಸ ತಪ್ಪಿಸಲ್ಲ.

ಛತ್ರಿ ಇಲ್ಲದವರು

ಇಷ್ಟು ಹೊತ್ತು ಹೊಳಪಿನ ಈ ಕಡೆಯ ಕಥೆ ಆಯ್ತು. ಆ ಕಡೆ ಏನಿದೆ?

ಕಾರ್ನೌಬಾ ಕೊಯ್ಲು ನಡೆಯೋದು ಒಣ ತಿಂಗಳುಗಳಲ್ಲಿ, ಬಿಸಿಲು ನೆತ್ತಿಗೇರುವ ಕಾಲದಲ್ಲಿ. ಯಾಕಂದ್ರೆ ಎಲೆ ಒಣಗೋಕೆ ಬಿಸಿಲು ಬೇಕು, ಮಳೆ ಬಿದ್ದರೆ ಮೇಣದ ಪುಡಿ ಹಾಳು. ಉದ್ದನೆಯ ಗಳುವಿನ ತುದಿಗೆ ಕುಡುಗೋಲು ಕಟ್ಟಿ, ಕತ್ತೆತ್ತಿ ನೋಡುತ್ತಾ, ಮರದ ತುದಿಯ ಎಲೆ ಕತ್ತರಿಸಿ ಬೀಳಿಸ್ತಾರೆ. ಎಲೆಯ ತೊಟ್ಟಿನ ಅಂಚಿಗೆ ಮುಳ್ಳು. ಬಿದ್ದ ಎಲೆ ಆಯ್ದು, ಹೊತ್ತು ತಂದು, ಬಯಲಲ್ಲಿ ಹರಡಿ ಒಣಗಿಸಬೇಕು. ಒಣಗಿದ ಮೇಲೆ ಬಡಿದರೆ ಮೇಣ ಪುಡಿಯಾಗಿ ಉದುರುತ್ತೆ. ಅದನ್ನ ಕಾಯಿಸಿ, ಸೋಸಿ, ಗಟ್ಟಿ ಮಾಡ್ತಾರೆ. ಎಳೆ ಎಲೆಯದ್ದು ತಿಳಿ ಹಳದಿ, ಬೆಲೆ ಜಾಸ್ತಿ. ಬಲಿತ ಎಲೆಯದ್ದು ಕಂದು, ಬೆಲೆ ಕಮ್ಮಿ. ಸಿಯಾರಾ ರಾಜ್ಯದ ಲಾಂಛನದಲ್ಲೇ ಈ ಮರ ಇದೆ. ಅಷ್ಟು ಗೌರವ ಮರಕ್ಕೆ.

ಕೊಯ್ಯುವವರಿಗೆ? ಬ್ರೆಜಿಲ್ ಗುಲಾಮಗಿರಿಯನ್ನ ರದ್ದು ಮಾಡಿದ್ದು 1888ರಲ್ಲಿ. ಆದರೆ ಅಲ್ಲಿನ ಕಾನೂನಿನಲ್ಲಿ ‘ಗುಲಾಮಗಿರಿಗೆ ಸಮನಾದ ಸ್ಥಿತಿಯ ದುಡಿಮೆ’ ಅನ್ನೋ ಅಪರಾಧ ಇವತ್ತಿಗೂ ಇದೆ. ಅದನ್ನ ಪತ್ತೆ ಹಚ್ಚೋಕೆ 1995ರಿಂದ ಸರ್ಕಾರದ ವಿಶೇಷ ತಪಾಸಣಾ ತಂಡಗಳಿವೆ. ಇತ್ತೀಚಿನ ವರ್ಷಗಳಲ್ಲಿ ಈ ತಂಡಗಳು ಕಾರ್ನೌಬಾ ತೋಪುಗಳಿಂದಲೂ ಕಾರ್ಮಿಕರನ್ನ ಬಿಡಿಸಿ ತಂದಿವೆ.

2017ರ ಅಕ್ಟೋಬರ್‌ನಲ್ಲಿ ಜರ್ಮನಿಯ ಎಆರ್‌ಡಿ ಟಿವಿ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಹರಿಬೊ ಅನ್ನೋ ಮಿಠಾಯಿ ಕಂಪನಿಗೆ ಮೇಣ ಎಲ್ಲಿಂದ ಬರುತ್ತೆ ಅಂತ ಹುಡುಕಿಕೊಂಡು ಹೋಗಿತ್ತು ಆ ತಂಡ. ದಿನಕ್ಕೆ ಸುಮಾರು 40 ರಿಯಾಲ್, ಅಂದ್ರೆ ಅಂದಿನ ಲೆಕ್ಕದಲ್ಲಿ 12 ಡಾಲರ್ ಕೂಲಿ. ಬಯಲಲ್ಲೋ ಲಾರಿಯಲ್ಲೋ ನಿದ್ದೆ, ಶೌಚಾಲಯ ಇಲ್ಲ, ಕುಡಿಯೋಕೆ ಸೋಸದ ನದಿ ನೀರು ಅಂತ ಅದು ವರದಿ ಮಾಡಿತು. ತನಿಖೆ ನಡೆಸುತ್ತೇವೆ ಅಂತ ಕಂಪನಿ ಹೇಳಿತು. ನಂತರದ ವರ್ಷಗಳಲ್ಲಿ ಮೇಣ ಕೊಳ್ಳುವ, ಮಾರುವ ಕೆಲವು ಕಂಪನಿಗಳು ಸೇರಿ ತೋಪುಗಳ ಸ್ಥಿತಿ ಸುಧಾರಿಸುವ ಒಪ್ಪಂದಗಳಿಗೂ ಬಂದವು.

ಗಮನಿಸಿ, ಸುದ್ದಿಯಾಗಿದ್ದು ಮಿಠಾಯಿ. ಯಾಕಂದ್ರೆ ಅದನ್ನ ಮಕ್ಕಳು ತಿಂತಾರೆ, ಪೊಟ್ಟಣದ ಮೇಲೆ 903 ಅಂತ ನಮೂದಿಸಲೇಬೇಕು. ಕಾರಿನ ವ್ಯಾಕ್ಸ್ ಡಬ್ಬಿ ಹಿಡಿದು, ಈ ಎಲೆ ಕೊಯ್ದವರು ಯಾರು ಅಂತ ಕೇಳುವವರು ಕಡಿಮೆ. ಆ ಡಬ್ಬಿಯ ಮೇಲೆ ‘ನಂ. 1 ದರ್ಜೆಯ ಹಳದಿ ಕಾರ್ನೌಬಾ’ ಅಂತ ಹೆಮ್ಮೆಯಿಂದ ಬರೆದಿರ್ತಾರೆ. ದರ್ಜೆ ಎಲೆಗಿದೆ, ಕೂಲಿಯವರ ಬಗ್ಗೆ ಒಂದಕ್ಷರ ಇರಲ್ಲ.

ಮರ ತನ್ನನ್ನ ಬಿಸಿಲಿಂದ ಕಾಪಾಡಿಕೊಳ್ಳೋಕೆ ಮೇಣ ಮಾಡಿಕೊಂಡಿತು. ಅದನ್ನ ತೆಗೆದು ನಾವು ಕಾರಿಗೆ ಹೊದಿಸಿದ್ವಿ. ಈ ಎರಡರ ನಡುವೆ, ಅದೇ ಬಿಸಿಲಲ್ಲಿ, ಯಾವ ಹೊದಿಕೆಯೂ ಇಲ್ಲದೆ ನಿಂತಿರೋನು ಗಳು ಹಿಡಿದ ಮನುಷ್ಯ.

ಹಾಗಂತ ಮೇಣ ಹಚ್ಚಲೇಬೇಡಿ ಅಂತ ಹೇಳ್ತಿಲ್ಲ. ಕೊಳ್ಳೋದು ನಿಂತರೆ ಆ ಕೂಲಿಯೂ ನಿಂತು ಹೋಗುತ್ತೆ, ಅದು ಪರಿಹಾರ ಅಲ್ಲ. ನೂರು ವರ್ಷದ ಹಿಂದೆ ಕಾರಿಗೆ ಮೇಣ ಬೇಕೇಬೇಕಿತ್ತು. ಇವತ್ತು ಅದು ಚಂದಕ್ಕೆ, ಜೊತೆಗೆ ಒಂದಿಷ್ಟು ರಕ್ಷಣೆಗೆ. ವಾರಕ್ಕೊಮ್ಮೆ ಚೆನ್ನಾಗಿ ನೀರು ಹಾಕಿ ತೊಳೆದು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಆದಷ್ಟು ನೆರಳಲ್ಲಿ ನಿಲ್ಲಿಸಿದರೆ ಬಣ್ಣದ ಅರ್ಧ ಕಷ್ಟ ಅಲ್ಲೇ ಮುಗೀತು. ಮೇಣ ಕೊಳ್ಳೋದಾದ್ರೆ ಕಂಪನಿಗೆ ಒಂದು ಇಮೇಲ್ ಹಾಕಿ, ನಿಮ್ಮ ಕಾರ್ನೌಬಾ ಎಲ್ಲಿಂದ ಬರುತ್ತೆ ಅಂತ ಕೇಳಿ. ಪೊಟ್ಟಣ ತಿರುಗಿಸಿ ಓದಿದ ಜನರಿಂದಲೇ ಮಿಠಾಯಿ ಕಂಪನಿಗಳು ಉತ್ತರ ಕೊಡಬೇಕಾಗಿ ಬಂತು. ಕಾರಿನ ಮೇಣದವರಿಗೆ ಆ ಪ್ರಶ್ನೆ ಇನ್ನೂ ಅಷ್ಟಾಗಿ ತಲುಪಿಲ್ಲ.

ಇವತ್ತಿಗೆ ಇಷ್ಟು. ಸಂಚಿಕೆ ಇಷ್ಟ ಆಗಿದ್ದರೆ, ಕಾರು ತೊಳೆಯೋದರಲ್ಲೇ ಭಾನುವಾರ ಕಳೆಯುವ ನಿಮ್ಮ ಗೆಳೆಯರಿಗೆ ಕಳಿಸಿ.